ಸತ್ಯಾಂಶ: ಟಿಸಿ ಲೇಟಾದ್ರೆ ಎಂಟನೇ ಕ್ಲಾಸ್ ಸೀಟು ಹೋಗಲ್ಲ

"ಟಿಸಿ, ಆಧಾರ್ ಎರಡೂ ಕೈಲಿಲ್ದಿದ್ರೆ ಹೈಸ್ಕೂಲಿಗೆ ಸೇರಿಸ್ಕೊಳ್ಳಲ್ಲ, ಮಗೂಗೆ ಒಂದು ವರ್ಷ ವೇಸ್ಟು" ಅಂತ ಒಂದು ವಾಟ್ಸಾಪ್ ಫಾರ್ವರ್ಡ್ ಓಡಾಡುತ್ತೆ. ಏಳನೇ ಕ್ಲಾಸ್ ಮುಗಿಸಿರೋ ಮಕ್ಕಳ ಅಪ್ಪ ಅಮ್ಮ ಗಾಬರಿ ಆಗ್ಬೇಡಿ, ಅದು ಸರಿಯಿಲ್ಲ.

ನಮ್ಮಲ್ಲಿ ಎಂಟನೇ ಕ್ಲಾಸ್ ಅಂದ್ರೆ ಹೈಸ್ಕೂಲು, ಆದ್ರೆ 2009ರ ಶಿಕ್ಷಣ ಹಕ್ಕು ಕಾಯ್ದೆ ಲೆಕ್ಕದಲ್ಲಿ ಅದು ಇನ್ನೂ ಪ್ರಾಥಮಿಕ ಶಿಕ್ಷಣನೇ (ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ). ಹಾಗಾಗಿ ಏಳರವರೆಗೆ ಮಾತ್ರ ಇರೋ ಸ್ಕೂಲಿಂದ ಸರ್ಕಾರಿ ಇಲ್ಲ ಅನುದಾನಿತ ಹೈಸ್ಕೂಲಿಗೆ ವರ್ಗಾವಣೆ ಕೇಳೋದು ಮಗುವಿನ ಹಕ್ಕು, ಹಳೇ ಸ್ಕೂಲಿನ ಹೆಡ್‌ಮಾಸ್ಟರು ತಕ್ಷಣ ಟಿಸಿ ಕೊಡ್ಬೇಕು, ಅದು ತಡ ಆಯ್ತು ಅಂತ ಹೊಸ ಸ್ಕೂಲಿನವರು ಅಡ್ಮಿಷನ್ ನಿಲ್ಲಿಸೋ ಹಾಗಿಲ್ಲ, ಸೆಕ್ಷನ್ 5ರಲ್ಲೇ ಇದೆ. ಖಾಸಗಿ ಅನುದಾನರಹಿತ ಸ್ಕೂಲಿಗೆ, ಕೇಂದ್ರೀಯ ವಿದ್ಯಾಲಯ, ನವೋದಯದಂಥ ಸ್ಕೂಲಿಗೆ ಮಾತ್ರ ಈ ವರ್ಗಾವಣೆ ಹಕ್ಕು ಬರಲ್ಲ, ಅದು ನೆನಪಿರಲಿ.

ಆಧಾರ್ ವಿಷ್ಯ, 2018ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಸ್ಕೂಲ್ ಅಡ್ಮಿಷನ್‌ಗೆ ಕಡ್ಡಾಯ ಅಲ್ಲ ಅಂದಿದೆ. ಎಂಟನೇ ಕ್ಲಾಸಿಗೆ ಎಂಟ್ರೆನ್ಸ್ ಟೆಸ್ಟು, ಪೇರೆಂಟ್ಸ್ ಇಂಟರ್‌ವ್ಯೂ ಅಂತ ಸೋಸೋ ಹಾಗೂ ಇಲ್ಲ, ಮಾಡಿದ್ರೆ ಮೊದಲ ಸಲಕ್ಕೆ 25,000 ರೂಪಾಯಿವರೆಗೂ ದಂಡ.

ಹಾಗಂತ ಟಿಸಿ ಬೇಡ್ವೇ ಬೇಡ ಅಂತಲ್ಲ, ಆಮೇಲಾದ್ರೂ ಕೊಡ್ಬೇಕು. ಟಿಸಿ ಕೈಗೆ ಬಂದಾಗ ಹೆಸರು, ಇನಿಷಿಯಲ್, ಹುಟ್ಟಿದ ದಿನ ಅಲ್ಲೇ ನಿಂತು ಚೆಕ್ ಮಾಡಿ, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್‌ಕಾರ್ಡಿಗೂ ಅದೇ ಹೋಗುತ್ತೆ. ಕೊಡದೆ ಸತಾಯಿಸಿದ್ರೆ ಬರವಣಿಗೇಲಿ ಕೇಳಿ, ಆಗಲೂ ಕೊಡದಿದ್ರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಹೋಗಿ.