ಪಕ್ಕದ ಮನೆಯ ಹುಂಜ

ನಮ್ಮ ಪಕ್ಕದ ಮನೆಯವರು ಒಂದು ಹುಂಜ ಸಾಕಿದ್ದಾರೆ. ಬೆಳಗಾದ ಮೇಲೆ ಕೂಗಿದರೆ ಯಾರ ತಕರಾರೂ ಇಲ್ಲ. ಇದು ಮೂರೂಮುಕ್ಕಾಲಿಗೇ ಶುರು ಹಚ್ಚಿಕೊಳ್ಳುತ್ತದೆ. ದಿಂಬನ್ನು ಕಿವಿಗೆ ಒತ್ತಿಕೊಂಡು ಮಗ್ಗುಲು ಬದಲಿಸಿದರೂ ಬಿಡುವುದಿಲ್ಲ. "ಈ ಸಲ ಹಬ್ಬಕ್ಕೆ ಅದನ್ನು ಕೊಯ್ದಾರು, ಸುಮ್ನಿರಿ" ಎಂದು ನನ್ನ ಹೆಂಡತಿ ಎರಡು ವರ್ಷದಿಂದ ಸಮಾಧಾನ ಹೇಳುತ್ತಿದ್ದಾಳೆ. ಅವರೋ, ಹಬ್ಬ ಬಂದರೆ ಅಂಗಡಿಯಿಂದ ಬ್ರಾಯ್ಲರ್ ತಂದು ಕೋರಿರೊಟ್ಟಿ ಮಾಡುತ್ತಾರೆ. ಹುಂಜ ಹಾಗೇ ಇದೆ.

2013ರಲ್ಲಿ ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು ಹುಂಜಗಳನ್ನು ದಿನವಿಡೀ ಮಬ್ಬು ಬೆಳಕಿನಲ್ಲಿಟ್ಟು ನೋಡಿದರಂತೆ. ಬೆಳಗಾಗಿದ್ದು ಗೊತ್ತಾಗದಿದ್ದರೂ ಅವು ಹೊತ್ತಿಗೆ ಸರಿಯಾಗಿ ಕೂಗಿದವು. ಗಡಿಯಾರ ಅವುಗಳ ಒಳಗೇ ಇದೆ. ಅಂದರೆ ನಮ್ಮ ಪಕ್ಕದ ಮನೆಯ ಹುಂಜಕ್ಕೂ ನನಗೂ ಯಾವ ವೈಯಕ್ತಿಕ ದ್ವೇಷವೂ ಇಲ್ಲ. ಇದು ಗೊತ್ತಾದಾಗ ಸ್ವಲ್ಪ ಸಮಾಧಾನವಾಯಿತು. ಯಾಕೆಂದರೆ ಸಂಡೇ ಸ್ಕೂಲಿಗೆ ಹೋಗಿ ಬೆಳೆದವರಿಗೆ ಕೋಳಿ ಕೂಗು ಬರೀ ಕೋಳಿ ಕೂಗಲ್ಲ. ಯಾರೋ ಸಿಕ್ಕಿಬಿದ್ದರು ಅಂತ ಅರ್ಥ.

ಸಿಕ್ಕಿಬಿದ್ದವನು ಯೇಸುವಿನ ಶಿಷ್ಯ ಪೇತ್ರ. ಕಥೆ ಗೊತ್ತಿರುವವರಿಗೂ ಒಮ್ಮೆ ಹೇಳುತ್ತೇನೆ, ನನಗೆ ಹೇಳುವ ಆಸೆ. ಕೋಳಿ ಕೂಗುವ ಮೊದಲು ಮೂರು ಸಲ ನನ್ನನ್ನು ಗೊತ್ತಿಲ್ಲ ಅನ್ನುತ್ತೀಯ ಅಂತ ಯೇಸು ಪೇತ್ರನಿಗೆ ಮೊದಲೇ ಹೇಳಿದ್ದ. ಯೇಸುವನ್ನು ಹಿಡಿದುಕೊಂಡು ಹೋದ ರಾತ್ರಿ ಪೇತ್ರ ಹಿಂದೆ ಹಿಂದೆ ಹೋಗಿ ಮಹಾಯಾಜಕನ ಅಂಗಳ ಸೇರಿದ. ಚಳಿ ಇತ್ತು. ಆಳುಗಳು ಕೆಂಡ ಮಾಡಿಕೊಂಡು ಕಾಯಿಸಿಕೊಳ್ಳುತ್ತಿದ್ದರು, ಇವನೂ ಹೋಗಿ ನಿಂತ. ಮೊದಲು ಕೇಳಿದ್ದು ಸೈನಿಕನಲ್ಲ, ಒಬ್ಬ ಕೆಲಸದ ಹುಡುಗಿ. "ನೀನೂ ಅವನ ಜೊತೆಯವನಲ್ವಾ?" ಇವನು ಅಲ್ಲ ಎಂದ. ಆಮೇಲೆ ಇನ್ನೊಮ್ಮೆ. ಕೊನೆಗೆ ಅವನನ್ನು ಹಿಡಿದುಕೊಟ್ಟದ್ದು ಅವನ ಮಾತಿನ ಧಾಟಿ. ಬೆಂಗಳೂರಿನಲ್ಲಿ ನಾನು "ಎಂಥದು ಮಾರಾಯ್ರೆ" ಅಂದ ಕೂಡಲೇ ಎದುರಿನವರು "ಮಂಗಳೂರಾ?" ಅನ್ನುವ ಹಾಗೆ, ಯೆರೂಸಲೇಮಿನವರಿಗೆ ಪೇತ್ರನ ಸೀಮೆಯಾದ ಗಲಿಲಾಯದ ಮಾತು ಒಂದೇ ಏಟಿಗೆ ಗೊತ್ತಾಗುತ್ತಿತ್ತು. ಅವನು ಆಣೆ ಇಟ್ಟು ಆ ಮನುಷ್ಯ ಯಾರೋ ನನಗೆ ಗೊತ್ತಿಲ್ಲ ಎಂದ. ಕೋಳಿ ಕೂಗಿತು.

ಯೇಸುವಿನ ಬದುಕನ್ನು ಹೇಳುವ ಬೈಬಲಿನ ನಾಲ್ಕು ಸುವಾರ್ತೆಗಳಲ್ಲೂ ಇದು ಇದೆ. ಇದನ್ನು ಯೋಚಿಸಿದಾಗೆಲ್ಲ ನನಗೆ ಆಶ್ಚರ್ಯ. ಪೇತ್ರ ಆಮೇಲೆ ಕ್ರೈಸ್ತ ಸಭೆಯ ದೊಡ್ಡ ತಲೆಯಾದವನು, ಬೇಕಿದ್ದರೆ ಮುಚ್ಚಿಹಾಕಬಹುದಿತ್ತು. ತನ್ನ ಸುವಾರ್ತೆಯಲ್ಲಿ ಮಾರ್ಕನು ಬರೆದದ್ದು ಪೇತ್ರನ ಬಾಯಿಂದಲೇ ಕೇಳಿದ್ದನ್ನು ಅಂತ ಹಳೆಯ ಕಾಲದಿಂದ ಹೇಳಿಕೊಂಡು ಬಂದಿದ್ದಾರೆ. ಹಾಗಿದ್ದರೆ ಊರೂರಿಗೆ ಹೋಗಿ ತನ್ನ ಮಾನ ತಾನೇ ಕಳೆದುಕೊಂಡ ಹಾಗಾಯಿತು. ಅದೇ ಮಾರ್ಕನಲ್ಲಿ, ಯೇಸು ಸತ್ತು ಎದ್ದ ಮೇಲೆ ಖಾಲಿ ಸಮಾಧಿಯ ಹತ್ತಿರ ಹೆಂಗಸರಿಗೆ ಸುದ್ದಿ ಕೊಡುವಾಗ, ಹೋಗಿ ಶಿಷ್ಯರಿಗೂ ಪೇತ್ರನಿಗೂ ಹೇಳಿ ಅನ್ನುವ ಮಾತು ಬರುತ್ತದೆ. ಬೇರೆ ಸುವಾರ್ತೆಗಳಲ್ಲಿ ಆ ಜಾಗದಲ್ಲಿ ಹೆಸರಿಲ್ಲ. ಶಿಷ್ಯರಿಗೆ ಎಂದರೆ ಸಾಕಿತ್ತು, ಅವನೂ ಶಿಷ್ಯನೇ. ಆದರೆ ತಪ್ಪು ಮಾಡಿ ಮೂಲೆ ಸೇರಿದವನು "ಎಲ್ಲರೂ ಬನ್ನಿ" ಅಂದರೆ ಬರುವುದಿಲ್ಲ. ಹೆಸರು ಹಿಡಿದು ಕರೆಯಬೇಕು. ಇದು ನನಗೆ ಸ್ವಂತ ಅನುಭವದಿಂದ ಗೊತ್ತು.

ಆ ಅನುಭವ ಹೇಳದೆ ಜಾರಿಕೊಂಡರೆ ಪೇತ್ರನ ಬಗ್ಗೆ ಬರೆದು ಪ್ರಯೋಜನವಿಲ್ಲ. 20 ವರ್ಷದ ಹಿಂದೆ ನಾನು ನಮ್ಮ ಸಭೆಯ ಯುವಕರ ಸಂಘದ ಖಜಾಂಚಿಯಾಗಿದ್ದೆ. ನಮ್ಮಲ್ಲಿ ಬೆಳೆಹಬ್ಬ ಅಂತ ಮಾಡುತ್ತೇವೆ. ಮನೆಮನೆಯಿಂದ ಬಾಳೆಗೊನೆ, ತೆಂಗಿನಕಾಯಿ, ಬೂದುಕುಂಬಳ, ಉಪ್ಪಿನಕಾಯಿ ಬಾಟ್ಲಿ, ಊರ ಕೋಳಿ, ಏನಿದ್ದರೆ ಅದು ತಂದು ಇಡುತ್ತಾರೆ, ಆರಾಧನೆ ಆದ ಮೇಲೆ ಏಲಂ. 60 ರೂಪಾಯಿಯ ಕುಂಬಳಕಾಯಿಯನ್ನು ಒಬ್ಬರು 300ಕ್ಕೆ ಹಿಡಿದು ಮತ್ತೆ ಏಲಂಗೇ ಕೊಡುತ್ತಾರೆ, ಇನ್ನೊಬ್ಬರು 400ಕ್ಕೆ ಹಿಡಿಯುತ್ತಾರೆ, ಕೊನೆಗೆ ಆ ಕುಂಬಳಕಾಯಿ ಯಾರ ಸಾಂಬಾರಿಗೆ ಹೋಯಿತು ಅಂತ ಯಾರಿಗೂ ನೆನಪಿರುವುದಿಲ್ಲ. ಆ ವರ್ಷ ಯುವಕರ ಪಾಲಿಗೆ 6,400 ರೂಪಾಯಿ ಬಂತು. ಅದು ನನ್ನ ಕೈಯಲ್ಲಿತ್ತು. ನನಗೊಂದು ಸೆಕೆಂಡ್ ಹ್ಯಾಂಡ್ ಬೈಕ್ ಸಿಗುವುದಿತ್ತು, ಅಡ್ವಾನ್ಸ್ ಕೊಡಬೇಕಿತ್ತು. ಕ್ರಿಸ್ಮಸ್ಸಿಗೆ ಮುಂಚೆ ವಾಪಸ್ ಇಟ್ಟರಾಯಿತು ಅಂದುಕೊಂಡೆ. ಕದಿಯುತ್ತಿದ್ದೇನೆ ಅಂತ ಆಗ ಖಂಡಿತ ಅನ್ನಿಸಲಿಲ್ಲ. ಹಾಗೆ ಅನ್ನಿಸಿಕೊಂಡು ಯಾರೂ ಕದಿಯುವುದಿಲ್ಲ ಅನ್ನಿ.

ಹಣ ಬ್ಯಾಂಕಿಗೆ ಹಾಕಿದೆಯಾ ಅಂತ ಕೇಳಿದವರಿಗೆಲ್ಲ ಹಾಕಿದೆ ಎಂದೆ. ಎಷ್ಟು ಸಲ ಹೇಳಿದೆನೋ ಲೆಕ್ಕವಿಟ್ಟಿಲ್ಲ. ಪೇತ್ರನನ್ನು ಹಿಂದೆ ಹಾಕಿದ್ದಂತೂ ನಿಜ. ಡಿಸೆಂಬರಿನಲ್ಲಿ ಯಾರೋ ಪಾಸ್‌ಬುಕ್ ತರಲು ಹೇಳಿದರು. ಅಲ್ಲಿಗೆ ಮುಗಿಯಿತು. ಅಮ್ಮ ಬಳೆ ಅಡವಿಟ್ಟು ದುಡ್ಡು ಕಟ್ಟಿದರು. ಸಭೆಯ ಹಿರಿಯರು ದೊಡ್ಡ ಮನಸ್ಸು ಮಾಡಿ "ಹುಡುಗ, ಆಯಿತು, ಬಿಡಿ" ಎಂದರು. ಕ್ಷಮಿಸಿದರು. ನಿಜವಾಗಿಯೂ ಕ್ಷಮಿಸಿದರು, ಅದರಲ್ಲಿ ಮೋಸವಿಲ್ಲ. ಆದರೆ ಆಮೇಲೆ ನಾನು ಚರ್ಚಿನೊಳಗೆ ಬಂದರೆ ಕಾಣಿಕೆ ಚೀಲ ಹಿಡಿಯುವವರು ಸುಮ್ನೆ ಆ ಚೀಲವನ್ನು ಆ ಕೈಯಿಂದ ಈ ಕೈಗೆ ಬದಲಿಸುತ್ತಿದ್ದರು. ಬೇಕೆಂದು ಮಾಡಿದ್ದೋ ನನಗೆ ಹಾಗೆ ಕಂಡದ್ದೋ ಇವತ್ತಿಗೂ ಗೊತ್ತಿಲ್ಲ. ನಾನು ಹೋಗುವುದನ್ನೇ ಬಿಟ್ಟೆ. ಭಾನುವಾರ ಬೈಕ್ ಹತ್ತಿ ಎಲ್ಲಿಗಾದರೂ ಹೋಗುತ್ತಿದ್ದೆ. ಹೌದು, ಬೈಕ್ ಇತ್ತು.

ಪೇತ್ರನೂ ಅಷ್ಟೇ, ಮೀನು ಹಿಡಿಯಲು ಹೋದ. ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿದೆ. ರಾತ್ರಿಯಿಡೀ ಬಲೆ ಬೀಸಿ ಏನೂ ಸಿಕ್ಕಲಿಲ್ಲ. ಬೆಳಗಾಗುವ ಹೊತ್ತಿಗೆ ದಡದಲ್ಲಿ ಯಾರೋ ನಿಂತು ಬಲಗಡೆ ಬಲೆ ಹಾಕಿ ಎಂದರು, ಹಾಕಿದರೆ 153 ದೊಡ್ಡ ಮೀನು. ಅಷ್ಟು ಗಡಿಬಿಡಿಯಲ್ಲೂ ಯಾರೋ ಕೂತು ಎಣಿಸಿದ್ದಾರೆ ನೋಡಿ, ಬೆಸ್ತರು ಅಂದರೆ ಹಾಗೆ. ದಡದಲ್ಲಿ ನಿಂತಿದ್ದವನು ಯೇಸು. ದಡಕ್ಕೆ ಬಂದರೆ ಅಲ್ಲಿ ಕೆಂಡದ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಕೆಂಡದ ಬೆಂಕಿಗೆ ಗ್ರೀಕಿನಲ್ಲಿ 'ಆಂಥ್ರಾಕಿಯಾ' ಅನ್ನುತ್ತಾರೆ. ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಆ ಪದ ಬರುವುದು ಎರಡೇ ಕಡೆ. ಒಂದು ಇಲ್ಲಿ. ಇನ್ನೊಂದು ಆ ರಾತ್ರಿಯ ಅಂಗಳದಲ್ಲಿ.

ಕೆಂಡದ ಮೇಲೆ ಬಂಗುಡೆ ಸುಟ್ಟು ತಿಂದವರಿಗೆ ಗೊತ್ತು, ಆ ವಾಸನೆ ಬಟ್ಟೆಯಿಂದ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಪೇತ್ರನಿಗೆ ಆ ಹೊಗೆ ಮೂಗಿಗೆ ಬಡಿದಾಗ ಏನಾಗಿರಬೇಕು! ಆದರೂ ಮೊದಲು ತಿಂಡಿ. ತಿಂದಾದ ಮೇಲೆಯೇ ಮಾತು. ಮೂರು ಸಲ "ನನ್ನನ್ನು ಪ್ರೀತಿಸುತ್ತೀಯಾ" ಎಂಬ ಪ್ರಶ್ನೆ. ಇಲ್ಲಿ ಪ್ರೀತಿಗೆ ಗ್ರೀಕಿನಲ್ಲಿ ಎರಡು ಬೇರೆ ಪದ ಇವೆ ಅಂತ ಮುಕ್ಕಾಲು ಗಂಟೆ ಪ್ರಸಂಗ ಮಾಡುವವರಿದ್ದಾರೆ, ನಾನು ಕೇಳಿದ್ದೇನೆ, ತೂಕಡಿಸಿದ್ದೇನೆ. ನನಗೆ ಮುಖ್ಯ ಅನ್ನಿಸುವುದು ಪ್ರಶ್ನೆಯ ನಂತರದ ಮಾತು. ನನ್ನ ಕುರಿಗಳನ್ನು ಮೇಯಿಸು. ಅದನ್ನೂ ಮೂರು ಸಲ. "ಹೋಗಲಿ ಬಿಡು" ಅಂತ ಹೇಳಿಲ್ಲ. "ಯಾಕೆ ಹಾಗೆ ಮಾಡಿದೆ" ಅಂತಲೂ ಕೇಳಿಲ್ಲ. ಕೆಲಸ ಕೊಟ್ಟ. ಓಡಿಹೋದವನ ಕೈಗೇ ಮಂದೆಯನ್ನು ಕೊಟ್ಟ.

ಯುರೋಪಿನಲ್ಲಿ ಎಷ್ಟೋ ಚರ್ಚುಗಳ ಗೋಪುರದ ತುದಿಯಲ್ಲಿ ಲೋಹದ ಹುಂಜ ಇರುತ್ತದೆ. ಗಾಳಿ ಯಾವ ಕಡೆ ಬೀಸುತ್ತದೆ ಅಂತ ತೋರಿಸುವುದಕ್ಕೂ ಆಯಿತು, ಪೇತ್ರನ ಕಥೆ ನೆನಪಿಸುವುದಕ್ಕೂ ಆಯಿತು. ಪ್ಯಾರಿಸಿನ ನೋಟ್ರ ಡಾಮ್ 2019ರ ಏಪ್ರಿಲ್ 15ರಂದು ಹೊತ್ತಿ ಉರಿದಾಗ ಗೋಪುರದ ಜೊತೆ ಅಲ್ಲಿನ ತಾಮ್ರದ ಹುಂಜವೂ ಕೆಳಗೆ ಬಿತ್ತು. ಕರಗಿಹೋಯಿತು ಅಂದುಕೊಂಡಿದ್ದರು. ಮರುದಿನ ಅವಶೇಷದ ನಡುವೆ ಸಿಕ್ಕಿತು, ನಜ್ಜುಗುಜ್ಜಾಗಿತ್ತು. 2023ರ ಡಿಸೆಂಬರಿನಲ್ಲಿ ಹೊಸ ಗೋಪುರದ ಮೇಲೆ ಹುಂಜ ಏರಿಸಿದರು. ಆದರೆ ಹಳೆಯದನ್ನಲ್ಲ, ಚಿನ್ನದ ಬಣ್ಣದ ಹೊಸದನ್ನು. ಎಂಜಿನಿಯರುಗಳಿಗೆ ಅವರದೇ ಕಾರಣವಿರುತ್ತದೆ. ನನಗೆ ಮಾತ್ರ ಸ್ವಲ್ಪ ಬೇಜಾರಾಯಿತು. ಪೇತ್ರನ ವಿಷಯದಲ್ಲಿ ತುದಿಗೆ ಏರಿಸಿದ್ದು ನಜ್ಜುಗುಜ್ಜಾದದ್ದನ್ನೇ ಅಲ್ವಾ.

ನನ್ನನ್ನು ಕರೆಯಲು ಬಂದವರು ಸಭೆಯ ಒಬ್ಬ ರಿಟೈರ್ಡ್ ಮಾಸ್ಟ್ರು. ಮುಂದಿನ ಬೆಳೆಹಬ್ಬದ ಹಿಂದಿನ ದಿನ ಸಂಜೆ ಮನೆಗೆ ಬಂದರು. ಉಪದೇಶ ಮಾಡುತ್ತಾರೆ ಅಂತ ನಾನು ಒಳಗೇ ಇದ್ದೆ. ಅವರು ಹೊರಗಿನಿಂದಲೇ ನನ್ನ ಹೆಸರು ಕೂಗಿದರು. "ನಾಳೆ ಏಲಂ ಟೇಬಲ್ಲಿಗೆ ಜನ ಇಲ್ಲ ಮಾರಾಯ. ನೀನು ಬಂದು ಕೂತುಕೋ. ಚಿಲ್ಲರೆ ಜಾಸ್ತಿ ತಂದಿಟ್ಟುಕೋ." ನಾನು "ಬೇಡ ಮಾಸ್ಟ್ರೇ, ಜನ ಏನಂದುಕೊಂಡಾರು" ಎಂದೆ. "ಅಂದುಕೊಳ್ಳಲಿ. ಲೆಕ್ಕ ನಿನಗೆ ಬರುತ್ತದೆ, ನನಗೆ ಕಣ್ಣು ಕಾಣುವುದಿಲ್ಲ" ಅಂದು ಅಮ್ಮ ಕೊಟ್ಟ ಚಹಾ ಕುಡಿದು ಹೋದರು.

ಹೋದೆ. ತಗಡಿನ ಪೆಟ್ಟಿಗೆ ನನ್ನ ಮುಂದೆ ಇಟ್ಟರು. ಒಬ್ಬ ಆಂಟಿ ನಾನು ಕೊಟ್ಟ ಚಿಲ್ಲರೆಯನ್ನು ನನ್ನ ಎದುರಿಗೇ ಎರಡು ಸಲ ಎಣಿಸಿದರು. ಎಣಿಸಲಿ, ಅವರ ದುಡ್ಡು. ಇನ್ನು ಕೆಲವರು ನನ್ನ ಟೇಬಲ್ಲಿಗೆ ಬರಲೇ ಇಲ್ಲ, ಮಾಸ್ಟ್ರ ಕೈಗೆ ಕೊಟ್ಟರು. ಅವರು ಅದನ್ನು ತಂದು ನನ್ನ ಪೆಟ್ಟಿಗೆಗೇ ಹಾಕಿದರು. ಕೊನೆಗೆ ಒಂದು ಊರ ಹುಂಜ ಉಳಿಯಿತು, ಕಾಲು ಕಟ್ಟಿ ನನ್ನ ಕುರ್ಚಿಯ ಕೆಳಗೇ ಮಲಗಿಸಿದ್ದರು. ಪಾಸ್ಟರ್ ಮುಕ್ತಾಯದ ಪ್ರಾರ್ಥನೆ ಶುರು ಮಾಡಿದ ಹೊತ್ತಿಗೆ ಸರಿಯಾಗಿ, ಹಾಡುಹಗಲು ಒಂದೂವರೆ ಗಂಟೆಗೆ, ಆ ಪ್ರಾಣಿ ಕುತ್ತಿಗೆ ಎತ್ತಿ ಕೂಗಿತು. ಕಣ್ಣು ಮುಚ್ಚಿದ್ದ ಜನ ಮೊದಲು ತಡೆದುಕೊಂಡರು. ಆಮೇಲೆ ಯಾರೋ ಮಗು ನಕ್ಕಿತು, ಆಮೇಲೆ ಎಲ್ಲರೂ. ಪಾಸ್ಟರೂ ನಕ್ಕು ಆಮೆನ್ ಎಂದರು. ನನ್ನ ಕಿವಿ ಕೆಂಪಾಗಿತ್ತು. ಮಾಸ್ಟ್ರು ಆ ಹುಂಜವನ್ನು 500 ರೂಪಾಯಿಗೆ ಹಿಡಿದರು.

ಎಲ್ಲರೂ ಹೋದ ಮೇಲೆ ಕೂತು ಹಣ ಎಣಿಸಿದೆ. ಮತ್ತೆ ಎಣಿಸಿದೆ. ಇನ್ನೊಮ್ಮೆಯೂ. 15 ರೂಪಾಯಿ ಜಾಸ್ತಿ ಬರುತ್ತಿತ್ತು. ಮಾಸ್ಟ್ರಿಗೆ ಹೇಳಿದೆ. ಅವರು ಹುಂಜವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟಿದ್ದರು, ತಿರುಗಿ ನೋಡಿದರು.

"ಯಾರದ್ದು ಅಂತ ಹುಡುಕಿ ಕೊಡು. ಬರುವ ಭಾನುವಾರ ಬರುತ್ತೀಯಲ್ಲ" ಎಂದರು.