ಸತ್ಯಾಂಶ: ಡೊಮಿನಿಯನ್ ಆದ ನಾಡುಗಳಲ್ಲಿ ಬಡತನ ಇರಲಿಲ್ಲವೇ?

ಬ್ರಿಟಿಷರು ಡೊಮಿನಿಯನ್ ಸ್ಥಾನ (ಸಾಮ್ರಾಜ್ಯದೊಳಗೇ ಸ್ವಯಮಾಡಳಿತ) ಕೊಟ್ಟ ಬಿಳಿಯರ ನಾಡುಗಳೆಲ್ಲ ಸಿರಿವಂತವಾಗಿದ್ದವು ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ನಿಜವಲ್ಲ.

1907ರಲ್ಲಿ ಡೊಮಿನಿಯನ್ ಆದ, ಈಗಿನ ಕೆನಡಾದ ಪೂರ್ವ ತೀರದ ದ್ವೀಪನಾಡು ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಕಾಡ್ ಮೀನುಗಾರರು ಹಂಗಾಮಿನ ಆರಂಭದಲ್ಲಿ ವರ್ತಕನಿಂದ ಹಿಟ್ಟು, ಉಪ್ಪು, ಬಲೆಗಳನ್ನು ಸಾಲವಾಗಿ ಪಡೆದು, ಉಪ್ಪು ಹಚ್ಚಿ ಒಣಗಿಸಿದ ಮೀನನ್ನು ಅವನು ಕಟ್ಟಿದ ಬೆಲೆಗೇ ಅವನಿಗೆ ಒಪ್ಪಿಸುತ್ತಿದ್ದುದರಿಂದ, ಎಷ್ಟೋ ಕುಟುಂಬಗಳು ನಗದನ್ನು ಕಾಣುತ್ತಿದ್ದುದೇ ಅಪರೂಪ. ಮೊದಲ ಮಹಾಯುದ್ಧದ ಮತ್ತು ರೈಲುಮಾರ್ಗದ ಸಾಲದ ಮೇಲೆ 1930ರ ದಶಕದ ಆರ್ಥಿಕ ಕುಸಿತವೂ ಬಂದೆರಗಿತು. ಆಗ ಸರ್ಕಾರ ಕೊಟ್ಟ ಪರಿಹಾರ ತಲೆಗೆ ದಿನಕ್ಕೆ ಸುಮಾರು 6 ಸೆಂಟ್ ಬೆಲೆಯ ದಿನಸಿ ಮಾತ್ರ. ಬಿಳಿ ಹಿಟ್ಟು, ಚಹಾಗಳಲ್ಲೇ ದಿನ ದೂಡಿದವರನ್ನು ವಿಟಮಿನ್ ಬಿ1 ಕೊರತೆಯಿಂದ ಬರುವ ಬೆರಿಬೆರಿ ರೋಗ ಕಾಡಿತು. ಸಂದೇಶ ಬರೆದವರು ಗಮನಿಸಲೇಬೇಕಾದ ಸಂಗತಿ ಇದು ಎಂದು ನನಗನ್ನಿಸುತ್ತದೆ. 1932ರಲ್ಲಿ ರೊಚ್ಚಿಗೆದ್ದ ಜನ ರಾಜಧಾನಿ ಸೇಂಟ್ ಜಾನ್ಸ್‌ನ ಶಾಸನಸಭಾ ಕಟ್ಟಡಕ್ಕೆ ನುಗ್ಗಿದರು. 1934ರಲ್ಲಿ ಸ್ವಯಮಾಡಳಿತವೇ ಅಮಾನತಾಗಿ, ಲಂಡನ್ ನೇಮಿಸಿದ ಆಯೋಗ ಆಳತೊಡಗಿತು. 1949ರಲ್ಲಿ ನಾಡು ಕೆನಡಾವನ್ನು ಸೇರುವವರೆಗೂ ಅದೇ ಮುಂದುವರಿಯಿತು.