ಉಂಡ ಮನೆ, ಹುಟ್ಟಿದ ಕಾಗದ

ಹೊರದೇಶಕ್ಕೆ ದತ್ತು ಹೋಗಿ ಬೆಳೆದವರು ತಮ್ಮ ಬದುಕನ್ನು ಬರೆಯತೊಡಗಿದರೆ ಸಾಕು, ಉಂಡ ಮನೆಗೆ ಎರಡು ಬಗೆಯುತ್ತಿದ್ದಾರೆ ಎಂಬ ಮಾತು ಬಂದೇ ಬರುತ್ತದೆ. ಸಾಕಿದವರನ್ನು ಪ್ರೀತಿಸುತ್ತಲೇ ತನ್ನ ಹುಟ್ಟಿನ ಕಾಗದವನ್ನು ಕೇಳುವುದರಲ್ಲಿ ದ್ರೋಹವೇನಿದೆ ಎಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ.

ದಕ್ಷಿಣ ಕೊರಿಯಾದ ಸಂಗತಿಯನ್ನೇ ನೋಡಿ. 1953ರಲ್ಲಿ ಯುದ್ಧ ನಿಂತ ಬಳಿಕ ಮೊದಲಾದ, ಮಕ್ಕಳನ್ನು ಹೊರದೇಶಕ್ಕೆ ದತ್ತು ಕಳುಹಿಸುವ ಈ ರವಾನೆ, ದೇಶ ಸಿರಿವಂತವಾಗುತ್ತಿದ್ದ 1980ರ ದಶಕದ ನಡುವೆ ವರ್ಷಕ್ಕೆ ಎಂಟು ಸಾವಿರ ಮಕ್ಕಳನ್ನು ದಾಟಿತ್ತು. ಹೀಗಾಗಿ ಬಡತನವೊಂದೇ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಹೆತ್ತವರು ಬದುಕಿರುವ ಮಗುವಿಗೂ ಅನಾಥರ ಹೊಸ ಕುಟುಂಬ ನೋಂದಣಿ ತೆರೆಯಲಾಗುತ್ತಿತ್ತು. ಆ ಪುಟದಲ್ಲಿ ತಂದೆಯಿಲ್ಲ, ತಾಯಿಯಿಲ್ಲ. ನಡೆಯಲು ಬಾರದ ಕೂಸೇ ಮನೆಯ ಯಜಮಾನ.

1966ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋದ ಎಂಟು ವರ್ಷದ ಬಾಲಕಿಯೊಬ್ಬಳ ಕಾಗದದಲ್ಲಿದ್ದ ಹೆಸರು ಛಾ ಜಂಗ್ ಹೀ. ಆ ಹೆಸರಿನ ನಿಜವಾದ ಹುಡುಗಿಯನ್ನು ಅವಳ ತಂದೆ ಮೊದಲೇ ಅನಾಥಾಲಯದಿಂದ ಮನೆಗೆ ಕರೆದೊಯ್ದಿದ್ದರಿಂದ, ಅವಳ ಬದಲಿಗೆ ಇವಳನ್ನು ಕಳುಹಿಸಿದ್ದರು. ಮುಂದೆ ಡಿಯಾನ್ ಬೋರ್ಶೆ ಲಿಯೆಮ್ ಎಂದು ಚಿತ್ರನಿರ್ದೇಶಕಿಯಾದ ಇವರಿಗೆ ತಮ್ಮ ದತ್ತು ಕಡತದಲ್ಲಿ ಎರಡು ಫೋಟೋ ಸಿಕ್ಕವು: ಇಬ್ಬರು ಬೇರೆ ಬೇರೆ ಹುಡುಗಿಯರು, ಎರಡಕ್ಕೂ ಒಂದೇ ಹೆಸರು. ಎಳವೆಯ ನೆನಪನ್ನು ಕನಸೆಂದು ತಳ್ಳಿಹಾಕಬಹುದು, ಈ ಫೋಟೋಗಳನ್ನು ಹಾಗೆ ತಳ್ಳಿಹಾಕಲಾಗದು.

ಇಂಥ ಅನುಭವಗಳನ್ನು ವರ್ಷಗಟ್ಟಲೆ ಬರೆದು, ದೂರು ಕೊಟ್ಟು, ಬೆನ್ನು ಬಿಡದೆ ಕೇಳಿದ್ದರಿಂದಲೇ 2025ರ ಮಾರ್ಚ್‌ನಲ್ಲಿ ಹಿಂದಿನ ಅನ್ಯಾಯಗಳನ್ನು ತನಿಖೆ ಮಾಡುವ ಅಲ್ಲಿನ ಸತ್ಯ ಮತ್ತು ಸಾಮರಸ್ಯ ಆಯೋಗವು ದಾಖಲೆ ತಿರುಚಿದ್ದನ್ನೂ ಗುರುತು ಬದಲಿಸಿದ್ದನ್ನೂ ಒಪ್ಪಿ, ಸರ್ಕಾರವನ್ನು ಹೊಣೆಯಾಗಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೊರಿಯಾದ ಅಧ್ಯಕ್ಷರು ಕ್ಷಮೆ ಕೇಳಿದರು. ಅಮೆರಿಕದ ಲೆಕ್ಕ ಮಾತ್ರ ಇನ್ನೂ ಚುಕ್ತಾ ಆಗಿಲ್ಲ. ದತ್ತು ಮಕ್ಕಳಿಗೆ ತಾನಾಗಿ ಪೌರತ್ವ ಕೊಡುವ 2000ದ ಕಾನೂನು, ಜಾರಿಗೆ ಬಂದ ದಿನಕ್ಕೆ 18 ತುಂಬಿದ್ದವರನ್ನು ಹೊರಗಿಟ್ಟಿತು. ಮೂರು ವರ್ಷದವನಿದ್ದಾಗ ಕೊರಿಯಾದಿಂದ ಅಮೆರಿಕಕ್ಕೆ ದತ್ತು ಹೋದವರೊಬ್ಬರನ್ನು 37 ವರ್ಷಗಳ ನಂತರ, 2016ರಲ್ಲಿ, ಭಾಷೆಯೇ ತಿಳಿಯದ ಕೊರಿಯಾಕ್ಕೆ ಗಡೀಪಾರು ಮಾಡಿದರು. ಅವರ ಮೇಲೆ ಅಪರಾಧ ಸಾಬೀತಾಗಿತ್ತು, ನಿಜ; ಆದರೆ ಹೊಟ್ಟೆಯಲ್ಲಿ ಹುಟ್ಟಿದ ಮಗ ತಪ್ಪು ಮಾಡಿದರೆ ಜೈಲಿಗೆ ಹೋಗುತ್ತಾನೆಯೇ ಹೊರತು ದೇಶದಿಂದಾಚೆ ಹೋಗುವುದಿಲ್ಲ.

ಕಡತ ತೆರೆದು ಹೆತ್ತವಳ ಗುಟ್ಟು ರಟ್ಟಾಗಬಾರದೆಂಬ ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮದುವೆಯಾಗಿ ಬೇರೆ ಸಂಸಾರ ಕಟ್ಟಿಕೊಂಡವಳ ಬಾಗಿಲಿಗೆ ಏಕಾಏಕಿ ಹೋಗಿ ನಿಲ್ಲುವುದು ಕ್ರೌರ್ಯವಾದೀತು. ಆದರೆ ಅವಳ ಒಪ್ಪಿಗೆ ಕೇಳುವುದು ಬೇರೆ, ಅವಳನ್ನು ಕೇಳದೆಯೇ ಅವಳ ಹೆಸರಿನಲ್ಲಿ ಕಡತಕ್ಕೆ ಬೀಗ ಹಾಕುವುದು ಬೇರೆ.

ನಮ್ಮಲ್ಲೂ ಲಕ್ಷ್ಮೀಕಾಂತ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1984ರಲ್ಲಿ ಮಕ್ಕಳನ್ನು ವಿದೇಶಕ್ಕೆ ದತ್ತು ಕೊಡುವುದಕ್ಕೆ ಕಟ್ಟುಪಾಡು ವಿಧಿಸಿತು. 2022ರ ದತ್ತು ನಿಯಮಾವಳಿ ಮೂಲ ಹುಡುಕುವ ಹಕ್ಕನ್ನು ಒಪ್ಪುತ್ತದೆ, ಆದರೆ ದತ್ತು ಹೋದವರ ಪರವಾಗಿ ಮೂರನೆಯವರು ಹುಡುಕುವಂತಿಲ್ಲ ಎನ್ನುತ್ತದೆ. ದುರುಪಯೋಗ ತಡೆಯುವ ಉದ್ದೇಶ ಒಳ್ಳೆಯದೇ ಇರಬಹುದು. ಆದರೂ ಕೂಸಾಗಿದ್ದಾಗ ನಮ್ಮ ನಾಡು ಬಿಟ್ಟು ಹೋದವಳೊಬ್ಬಳು ನಲವತ್ತು ವರ್ಷಗಳ ಮೇಲೆ ಬಂದು ನಿಂತರೆ, ಕನ್ನಡದಲ್ಲಿರುವ ಆ ಹಳೆಯ ಕಡತವನ್ನು ಅವಳಿಗೆ ಯಾರು ಓದಿ ಹೇಳಬೇಕು?